ನಿಮ್ಮೂರಿನ ಸರ್ಕಾರಿ ಶಾಲೆ ಹೇಗಿದೆ? ಅರ್ಧ ದಿನ ಕೂತು ನೋಡಿ

ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ, ಹಟ್ಟಿಗಳಲ್ಲಿ, ತಾಂಡಾಗಳಲ್ಲಿ ಮೂವತ್ತು ನಲವತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗಳು ಬೇಕಾದಷ್ಟಿವೆ. ಮೇ ತಿಂಗಳು ಬಂತೆಂದರೆ ಅಲ್ಲಿನ ಅಪ್ಪ ಅಮ್ಮಂದಿರಿಗೆ ಒಂದೇ ಯೋಚನೆ: ಮಗುವನ್ನು ಊರ ಶಾಲೆಗೇ ಸೇರಿಸೋಣವೋ, ಪೇಟೆಯಿಂದ ಬರುವ ವ್ಯಾನು ಹತ್ತಿಸೋಣವೋ? ಬಹಳ ಮಂದಿ ಶಾಲೆಯೊಳಗೆ ಕಾಲಿಡದೆಯೇ ತೀರ್ಮಾನ ಮಾಡಿಬಿಡುತ್ತಾರೆ. ಬಣ್ಣ ಮಾಸಿದ ಗೋಡೆ ಕಂಡಿರುತ್ತದೆ, ‘ಇಬ್ಬರೇ ಮೇಷ್ಟ್ರಂತೆ’ ಅನ್ನುವ ಮಾತು ಕಿವಿಗೆ ಬಿದ್ದಿರುತ್ತದೆ, ಅಷ್ಟೇ ಸಾಕಾಗುತ್ತದೆ. ಹೀಗೆ ಒಳ್ಳೆಯ ಶಾಲೆಗಳೂ ಮಕ್ಕಳಿಲ್ಲದೆ ಸೊರಗುತ್ತವೆ. ಇನ್ನು ಕೆಲವು ಶಾಲೆಗಳಲ್ಲಿ ಐದು ವರ್ಷ ಕೂತೆದ್ದ ಮಗುವಿಗೆ ಓದಲು ಬರುವುದಿಲ್ಲ ಎನ್ನುವುದು ಆರನೇ ತರಗತಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಶಾಲೆಯ ಗುಣಮಟ್ಟ ಕಾಣಿಸುವುದು ಅಲ್ಲಿನ ಸಾಧಾರಣ ಮಗು ಏನು ಓದಬಲ್ಲದು, ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದೆ ಎನ್ನುವುದರಲ್ಲಿ. ಅದನ್ನು ತಿಳಿಯಲು ಬಿ.ಎಡ್. ಮಾಡಿರಬೇಕಿಲ್ಲ. ಕನ್ನಡ ಓದಲು ಬರುವ ಯಾರಾದರೂ ಅರ್ಧ ದಿನದ ಬಿಡುವು ಮಾಡಿಕೊಂಡರೆ ಸಾಕು.

1. ಹೋಗುವ ಮೊದಲು

ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ, ಇರುತ್ತದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಎಷ್ಟೋ ಕಡೆ ಅದನ್ನು ಶಾಲೆಯ ಗೋಡೆಯ ಮೇಲೆ ಬರೆದಿರುತ್ತಾರೆ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯನ್ನು ಹುಡುಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯದ ವಿವರ ಸಿಗುತ್ತದೆ. ನಲ್ಲಿ ಇದೆಯೋ ಇಲ್ಲವೋ ಅದು ಹೇಳುತ್ತದೆ. ಅದರಲ್ಲಿ ನೀರು ಬರುತ್ತದೆಯೇ ಎಂದು ನೀವೇ ಹೋಗಿ ತಿರುಗಿಸಿ ನೋಡಬೇಕು.

ಶಿಕ್ಷಕರ ಸಂಖ್ಯೆಯನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಹಾಗಾಗಿ 40 ಮಕ್ಕಳಿಗೆ ಇಬ್ಬರೇ ಇದ್ದಾರೆ ಎನ್ನುವುದು ಶಾಲೆಯ ದೋಷವಲ್ಲ, ನಿಯಮವೇ ಹಾಗಿದೆ. ಒಬ್ಬರೇ ಇದ್ದರೆ ಮಾತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ದಿನ ಆರಿಸುವಾಗ ಎಚ್ಚರ ಇರಲಿ. ಆಗಸ್ಟ್ 15, ಮಕ್ಕಳ ಸ್ಪರ್ಧೆಗಳು ನಡೆಯುವ ಪ್ರತಿಭಾ ಕಾರಂಜಿಯ ದಿನ ಬೇಡ. ಜೂನ್ ಮೊದಲಲ್ಲಿ ಹಿಂದಿನ ವರ್ಷದ ಪಾಠ ನೆನಪಿಸುವ ಸೇತುಬಂಧ ನಡೆಯುತ್ತಿರುತ್ತದೆ, ಆಗಲೂ ಬೇಡ. ಆಗಸ್ಟ್‌ನಲ್ಲೋ ನವೆಂಬರ್‌ನಲ್ಲೋ ಒಂದು ಮಾಮೂಲಿ ಮಂಗಳವಾರ, ಬುಧವಾರ ಒಳ್ಳೆಯದು. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು ಹೋಗಿ. ತಪ್ಪು ಹಿಡಿಯುವವರ ಹಾಗೆ ಹೋದರೆ ಶಿಕ್ಷಕರು ಮುದುಡಿಕೊಳ್ಳುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ.

2. ಓದಿಸಿ ನೋಡಿ

ಅರ್ಧ ದಿನದಲ್ಲಿ ಅರ್ಧ ಪಾಲು ಸಮಯ ಇದಕ್ಕೇ ಕೊಡಿ.

ಮೊದಲನೆಯದಾಗಿ, ಯಾರನ್ನು ಓದಿಸಬೇಕು ಎಂದು ನೀವೇ ತೀರ್ಮಾನಿಸಿ. ಹೊಸಬರು ಬಂದರೆ ತರಗತಿಯ ಚುರುಕು ಮಗು ತಾನೇ ಎದ್ದು ನಿಲ್ಲುತ್ತದೆ, ಶಿಕ್ಷಕರೂ ಅದನ್ನೇ ಕರೆಯುತ್ತಾರೆ. ಅದು ಸಹಜ. ಆದರೆ ಅಂಥ ಮಗು ಮನೆಯ ಬಲದಿಂದಲೇ ಓದು ಕಲಿತಿರಬಹುದು. ಶಾಲೆಯ ಕೆಲಸ ಗೊತ್ತಾಗುವುದು ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿನ ಓದಿನಲ್ಲಿ. ಸಣ್ಣ ಶಾಲೆಯ ಅನುಕೂಲ ಏನೆಂದರೆ ಮೂರನೇ ತರಗತಿಯಲ್ಲಿ ಏಳೋ ಎಂಟೋ ಮಕ್ಕಳಿರುತ್ತಾರೆ, ಅಷ್ಟೂ ಮಕ್ಕಳನ್ನು ಓದಿಸಬಹುದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಅವತ್ತು ಬಾರದ ಮಕ್ಕಳನ್ನು ಗುರುತು ಹಾಕಿಕೊಳ್ಳಿ. ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಗುಳೆ ಹೋದವರು, ಕುರಿ ಹಿಂದೆ ಹೋದವರು ಅವರಲ್ಲಿರಬಹುದು. ಅವರು ಮರಳಿದಾಗ ಶಾಲೆ ಏನು ಮಾಡುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಬಂದರೆ ಅದು ಒಳ್ಳೆಯ ಶಾಲೆಯ ಲಕ್ಷಣ.

ಎರಡನೆಯದು, ಪಠ್ಯಪುಸ್ತಕ ಬಳಸಬೇಡಿ. ಮಕ್ಕಳು ಪಾಠವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿರುತ್ತಾರೆ; ಬೆರಳು ಒಂದು ಸಾಲಿನ ಮೇಲಿದ್ದರೆ ಬಾಯಿ ಇನ್ನೊಂದು ಸಾಲು ಹೇಳುತ್ತಿರುತ್ತದೆ. ಒಂದು ಹಾಳೆಯಲ್ಲಿ ನೀವೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ನಾಲ್ಕು ಮೆಟ್ಟಿಲು ಸಾಕು.

ಒತ್ತು ಗುಣಿತ ಇಲ್ಲದ ಪದ: ಕಮಲ, ಬಸವ, ನಗರ.
ಕಾಗುಣಿತದ ಪದ: ಕೋಳಿ, ಮೈದಾನ, ಜೋಳಿಗೆ.
ಒತ್ತಕ್ಷರದ ಪದ: ಎತ್ತು, ಹಬ್ಬ, ಆಮೇಲೆ ಪುಸ್ತಕ, ಚಂದ್ರ, ಸ್ನೇಹ.
ಕೊನೆಗೆ ನಾಲ್ಕೈದು ಸಾಲಿನ ಕಥೆ. ಉದಾಹರಣೆಗೆ:

‘ನಮ್ಮ ಊರಿನ ಕೆರೆಗೆ ಈ ಸಲ ನೀರು ಬಂದಿದೆ. ತಾತ ಎಮ್ಮೆಯ ಮೈ ತೊಳೆಯಲು ಹೋದರು. ದಡದಲ್ಲಿ ಎರಡು ಕೊಕ್ಕರೆ ನಿಂತಿದ್ದವು. ಎಮ್ಮೆ ದಬಕ್ಕನೆ ನೀರಿಗೆ ಇಳಿಯಿತು. ಕೊಕ್ಕರೆಗಳು ಹಾರಿ ಹೋದವು.’

ಓದಿ ಮುಗಿಸಿದ ಮೇಲೆ ಎರಡು ಪ್ರಶ್ನೆ ಕೇಳಿ. ಕೆರೆಗೆ ಹೋದವರು ಯಾರು? ಕೊಕ್ಕರೆ ಯಾಕೆ ಹಾರಿದವು? ಮೊದಲನೆಯದಕ್ಕೆ ಉತ್ತರ ಸಾಲಿನಲ್ಲೇ ಇದೆ. ಎರಡನೆಯದನ್ನು ಕಥೆ ಬಿಡಿಸಿ ಹೇಳಿಲ್ಲ, ಮಗುವೇ ಯೋಚಿಸಬೇಕು. ‘ಎಮ್ಮೆ ಹೆದರಿಸ್ತು’, ‘ಸದ್ದಾತು ಅದಕ್ಕೆ’ ಎಂದರೆ ಮಗುವಿಗೆ ಓದಿದ್ದು ಅರ್ಥವಾಗಿದೆ. ಅಕ್ಷರ ಎಲ್ಲ ಸರಿಯಾಗಿ ಉಚ್ಚರಿಸಿಯೂ ಸುಮ್ಮನೆ ನಿಂತರೆ ಅರ್ಧ ಕೆಲಸ ಬಾಕಿ ಇದೆ ಎಂದು ತಿಳಿಯಿರಿ.

ಈ ಮೆಟ್ಟಿಲುಗಳ ಪದ್ಧತಿ ಹೊಸದೇನಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ವಾಕ್ಯಗಳು, ಎರಡನೇ ತರಗತಿ ಮಟ್ಟದ ಕಥೆ ಎಂಬ ಕ್ರಮದಲ್ಲೇ ಮಕ್ಕಳನ್ನು ಓದಿಸುತ್ತದೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯೂ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ಮೂಲ ಲೆಕ್ಕ ಮಾಡಬೇಕು ಎನ್ನುವುದೇ. ಮೂರನೇ ತರಗತಿಯ ಕೊನೆಗೆ ಬಹುಪಾಲು ಮಕ್ಕಳು ಕೆರೆಯ ಕಥೆ ಓದಿದರೆ ನೆಮ್ಮದಿಪಡಿ. ಐದನೆಯಲ್ಲಿ ಅರ್ಧದಷ್ಟು ಮಕ್ಕಳು ಒತ್ತಕ್ಷರದಲ್ಲೇ ನಿಂತಿದ್ದರೆ ಚಿಂತೆ ಮಾಡಲೇಬೇಕು.

ನಮ್ಮ ಭಾಗದ ಒಂದು ಸೂಕ್ಷ್ಮವನ್ನು ಮರೆಯಬೇಡಿ. ಮೊಳಕಾಲ್ಮುರು, ಚಳ್ಳಕೆರೆಯ ಗಡಿ ಊರುಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಇನ್ನು ಕೆಲವರದು ಉರ್ದು. ಒಂದನೇ ತರಗತಿಗೆ ಬಂದ ದಿನ ಅವರಿಗೆ ಕನ್ನಡದ ಮಾತೂ ಹೊಸದು, ಅಕ್ಷರವೂ ಹೊಸದು. ಅಂಥ ಮಗು ಕಥೆಯನ್ನು ಕನ್ನಡದಲ್ಲಿ ಓದಿ, ಅದರ ಸಾರವನ್ನು ತನ್ನ ಮಾತಿನಲ್ಲಿ ಹೇಳಿದರೆ ಸರಿಯೆಂದೇ ಬರೆದುಕೊಳ್ಳಿ. ‘ಹಾಲು’ ಅನ್ನುವಲ್ಲಿ ‘ಆಲು’ ಅಂದರೆ, ‘ಶಾಲೆ’ಗೆ ‘ಸಾಲೆ’ ಅಂದರೆ ಅದು ಊರಿನ ಉಚ್ಚಾರಣೆ, ಓದಿನ ದೋಷವಲ್ಲ. ಮನೆಮಾತನ್ನು ನಾಚಿಕೆಗೇಡು ಮಾಡದೆ ಕನ್ನಡಕ್ಕೆ ಕರೆತರುವ ಶಿಕ್ಷಕಿ ಇದ್ದರೆ, ಆ ಶಾಲೆಗೆ ನಾನು ಬೇರೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

3. ಲೆಕ್ಕ

52ರಲ್ಲಿ 27 ಕಳೆಯಲು ಮೂರನೇ ತರಗತಿಯವರಿಗೆ ಕೊಡಿ. ದಶಕ ತೆಗೆದುಕೊಳ್ಳದೆ 35 ಎಂದು ಬರೆದರೆ ಕ್ರಮ ಗೊತ್ತು, ಸ್ಥಾನಬೆಲೆ ಗೊತ್ತಿಲ್ಲ ಎಂದರ್ಥ. ಐದನೆಯವರಿಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಸಾಕು. ಆಮೇಲೆ ಬಾಯಿಲೆಕ್ಕ: ಕಿಲೋಗೆ 40 ರೂಪಾಯಿಯಂತೆ ಎರಡೂವರೆ ಕಿಲೋ ಈರುಳ್ಳಿ, 200 ಕೊಟ್ಟರೆ ಚಿಲ್ಲರೆ ಎಷ್ಟು? ಸಂತೆಗೆ ಹೋಗುವ ಮಕ್ಕಳು ಥಟ್ಟನೆ ಹೇಳುತ್ತಾರೆ. ಅದೇ ಮಗು ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಲಾರದೆ ಹೋದರೆ, ಮಗುವಿಗೆ ಗೊತ್ತಿರುವುದನ್ನು ಶಾಲೆ ಇನ್ನೂ ಬಳಸಿಕೊಂಡಿಲ್ಲ ಎಂದಾಯಿತು.

4. ತರಗತಿಯಲ್ಲಿ ಕೂತು ನೋಡಿ

1ರಿಂದ 3ನೇ ತರಗತಿಯವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು ಗದ್ದಲ ಮಾಡುತ್ತಿದ್ದರೆ ಗಾಬರಿಯಾಗಬೇಡಿ. ಅದು ನಲಿ-ಕಲಿ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಕಲಿಯಬೇಕಾದ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ, ಪ್ರತಿ ಮಗುವೂ ಅದನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಕೆಲವು ಮಕ್ಕಳಿಗೆ ಶಿಕ್ಷಕರು ಪಕ್ಕದಲ್ಲಿ ಕೂತು ಕಲಿಸುತ್ತಾರೆ, ಕೆಲವರು ಜೊತೆಗಾರರಿಂದ ಕಲಿಯುತ್ತಾರೆ, ಕೆಲವರು ತಾವೇ.

ಇದು ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಮಗುವನ್ನೇ ಕೇಳಿ: ‘ನೀನು ಏಣಿಯಲ್ಲಿ ಎಲ್ಲಿದ್ದೀಯಪ್ಪಾ?’ ಓಡಿ ಹೋಗಿ ಗೋಡೆಯ ಮೇಲೆ ಬೆರಳಿಟ್ಟು ತೋರಿಸಬೇಕು. ಯಾವ ಮಗು ಎಷ್ಟು ಮುಂದೆ ಬಂದಿದೆ ಎಂದು ಗುರುತು ಹಾಕುವ ಪ್ರಗತಿ ನೋಟದಲ್ಲಿ ಇತ್ತೀಚಿನ ಗುರುತುಗಳಿವೆಯೇ? ಕಾರ್ಡುಗಳ ಅಂಚು ಸವೆದಿದೆಯೇ, ಇಲ್ಲ ಕಟ್ಟಿಟ್ಟ ಹಾಗೇ ಇವೆಯೇ? ನೆಲಮಟ್ಟದ ಗೋಡೆ ಹಲಗೆಯ ಮೇಲೆ ಮಕ್ಕಳ ಸೀಮೆಸುಣ್ಣದ ಬರಹ ಇದೆಯೇ?

ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಕೈಯಲ್ಲಿ ಕೆಲಸ ಇರುವ ಮಕ್ಕಳೆಷ್ಟು, ಸುಮ್ಮನೆ ಕಾಯುತ್ತಿರುವವರೆಷ್ಟು ಎಂದು ಎಣಿಸಿ. ಒಬ್ಬ ಶಿಕ್ಷಕರು ಎರಡು ಮೂರು ತರಗತಿ ನೋಡುವ ಕಡೆ ಕಾಯುವ ಹೊತ್ತೇ ದೊಡ್ಡ ನಷ್ಟ. ಅದನ್ನು ಬಲ್ಲ ಶಿಕ್ಷಕರು ನಾಲ್ಕನೆಯವರಿಗೆ ಓದುವ ಕೆಲಸ ಹಚ್ಚಿ ಐದನೆಯವರ ಲೆಕ್ಕಕ್ಕೆ ಹೋಗುತ್ತಾರೆ. ಇಬ್ಬರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಏನು ಮಾಡುತ್ತೀರಿ ಎಂದೂ ಕೇಳಿ. ಅಂಥ ದಿನಗಳು ವರ್ಷದಲ್ಲಿ ಹಲವು ಬರುತ್ತವೆ, ಅದಕ್ಕೆ ಮೊದಲೇ ಒಂದು ಏರ್ಪಾಡು ಇರಬೇಕು.

ಮಗು ತಪ್ಪು ಉತ್ತರ ಹೇಳಿದಾಗ ಶಿಕ್ಷಕರ ಮುಖ ನೋಡಿ, ಮಗುವಿನ ಮುಖವನ್ನೂ ನೋಡಿ. ಹೊಡೆಯುವುದನ್ನು, ಮನಸ್ಸು ಕುಗ್ಗಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮೇಜಿನ ಮೇಲೆ ಬೆತ್ತ ಕಂಡರೆ ಸುಮ್ಮನಿರಬೇಡಿ.

5. ನೋಟ್‌ಬುಕ್ ಮತ್ತು ಒಂದು ಪ್ರಶ್ನೆ

ನಾಲ್ಕನೇ ತರಗತಿಯ ಮೂರು ಮಕ್ಕಳ ನೋಟ್‌ಬುಕ್ ಒಟ್ಟಿಗೆ ತೆರೆದಿಡಿ. ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರವಿದ್ದರೆ ಬೋರ್ಡಿನಿಂದ ಇಳಿಸಿದ್ದು. ಮಗುವಿನದೇ ಸೊಟ್ಟ ವಾಕ್ಯ, ಅದರ ಮೇಲೆ ಶಿಕ್ಷಕರ ತಿದ್ದುಪಡಿ, ಕೆಳಗೆ ಮಗು ಮತ್ತೆ ಬರೆದದ್ದು ಕಂಡರೆ ಅಲ್ಲಿ ಕಲಿಕೆ ನಡೆದಿದೆ. ಬರೀ ಕೆಂಪು ಟಿಕ್ಕು, ಸಹಿ ನೋಡಿ ಮೋಸಹೋಗಬೇಡಿ.

ಆಮೇಲೆ ನೀವು ಓದಿಸಿದ ಮಕ್ಕಳಲ್ಲಿ ತೀರ ಹಿಂದಿರುವ ಮಗುವಿನ ಹೆಸರು ಹೇಳಿ, ‘ಈ ಮಗು ಜೂನ್‌ನಲ್ಲಿ ಎಲ್ಲಿತ್ತು, ಈಗ ಏನು ಮಾಡ್ತಿದ್ದೀರಿ ಮೇಡಂ?’ ಎಂದು ಕೇಳಿ. ‘ಜೂನ್‌ನಲ್ಲಿ ಕಾಗುಣಿತ ಬರ್ತಿರಲಿಲ್ಲ ಸರ್, ಈಗ ಬರುತ್ತೆ, ಒತ್ತಕ್ಷರಕ್ಕೆ ದಿನಾ ಊಟದ ಮೇಲೆ ಹತ್ತು ನಿಮಿಷ ಕೂರಿಸ್ಕೊತೀನಿ’ ಎನ್ನುವ ಉತ್ತರ, ರಿಜಿಸ್ಟರ್ ತೆರೆಯದೆ ಬಂದರೆ, ನೀವು ಒಳ್ಳೆಯ ಶಾಲೆಯಲ್ಲಿ ಕೂತಿದ್ದೀರಿ. ‘ಅವರ ಮನೆಯಲ್ಲಿ ಯಾರೂ ಓದಿಲ್ಲ, ಏನು ಮಾಡೋಕಾಗುತ್ತೆ’ ಎಂದರೆ ಉತ್ತರ ಸಿಕ್ಕಿತು.

ಶೇಕಡಾವಾರು ಫಲಿತಾಂಶವನ್ನು ನಂಬಿ ಕೂರಬೇಡಿ. ಆರು ಮಕ್ಕಳ ತರಗತಿಯಲ್ಲಿ ಒಂದು ಮಗು ಗುಳೆ ಹೋದರೆ ಅಂಕಿ ಹದಿನೇಳರಷ್ಟು ಏರುಪೇರಾಗುತ್ತದೆ. ನವೋದಯ, ಮೊರಾರ್ಜಿ ವಸತಿ ಶಾಲೆಗೆ ಆಯ್ಕೆಯಾದವರ ಪಟ್ಟಿ ಇದ್ದರೆ ಸಂತೋಷಪಡಿ, ಉಳಿದ ಮಕ್ಕಳ ಓದಿಗೆ ಅದು ಸಾಕ್ಷಿಯಾಗದು.

6. ಊಟ, ನೀರು, ಶೌಚಾಲಯ

ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಲೆಕ್ಕ. ಸಾಂಬಾರಿನ ಪಾತ್ರೆಗೆ ಸೌಟು ಹಾಕಿ ತಳದಿಂದ ಎತ್ತಿ ನೋಡಿ. ಮಕ್ಕಳ ಜೊತೆ ಸಾಲಿನಲ್ಲಿ ಕೂತು ಉಣ್ಣಿ. ಎಲ್ಲರೂ ಒಟ್ಟಿಗೆ ಕೂತಿದ್ದಾರೆಯೇ, ಯಾರಾದರೂ ದೂರ ಕೂತಿದ್ದಾರೆಯೇ ಎಂಬುದೂ ಕಾಣುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯವರು ಹೆಚ್ಚು ಹುಷಾರಾಗಿರಬೇಕು. ಚಿತ್ರದುರ್ಗ ಜಿಲ್ಲೆಯ, ಜಗಳೂರು ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆಗಳು ಕಂಡರೆ ಶಾಲೆಯ ನೀರು ಎಲ್ಲಿಂದ ಬರುತ್ತದೆ, ಯಾವಾಗ ಪರೀಕ್ಷೆಯಾಯಿತು ಎಂದು ಕೇಳಿ. ಶುದ್ಧ ನೀರಿನ ಘಟಕದ ನೀರು ಕುಡಿಯಲಷ್ಟೇ ಬರುತ್ತದೋ, ಅಡುಗೆಗೂ ಅದೇನೋ, ಅದನ್ನೂ ಕೇಳಿ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ನೀರು ಪರೀಕ್ಷೆ ಮಾಡಿಸಬಹುದು.

ಶೌಚಾಲಯಕ್ಕೆ ಬೀಗ ಜಡಿದಿದ್ದಾರೆಯೇ, ಒಳಗೆ ನೀರಿದೆಯೇ, ಇಷ್ಟು ನೋಡಿದರೆ ಸಾಕು. ಹೆಣ್ಣುಮಕ್ಕಳನ್ನು ಒಬ್ಬ ತಾಯಿ ಕೇಳಿದರೆ ಸತ್ಯ ಬೇಗ ಹೊರಬರುತ್ತದೆ.

7. ಎಸ್‌ಡಿಎಂಸಿ ನಡಾವಳಿ

ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಈ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಹಿಂದಿನ ನಾಲ್ಕೈದು ಸಭೆಗಳ ನಡಾವಳಿ ಓದಿ. ಸುಣ್ಣಬಣ್ಣ, ಕಾಂಪೌಂಡು, ಧ್ವಜಾರೋಹಣದ ಸಿಹಿ ಇಷ್ಟೇ ಇದೆಯೋ, ಮಕ್ಕಳ ಓದಿನ ಬಗ್ಗೆ ಒಂದು ಸಾಲಾದರೂ ಇದೆಯೋ? ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ನೀವೇ ಆ ವಿಷಯ ಎತ್ತಿ.

8. ತೀರ್ಮಾನ

ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಓದು, ಶಿಕ್ಷಕರು ಪ್ರತಿ ಮಗುವನ್ನು ಬಲ್ಲ ಬಗೆ, ಹೆದರಿಕೆಯಿಲ್ಲದ ತರಗತಿ, ಈ ಮೂರು ಸರಿಯಿದ್ದರೆ ಮಗುವನ್ನು ಧೈರ್ಯವಾಗಿ ಸೇರಿಸಿ. ಬೀಗ, ನಲ್ಲಿ, ಹೆಂಚು ಪಂಚಾಯಿತಿಯಿಂದ ಸರಿಯಾಗುತ್ತವೆ. ಈ ಮೂರರಲ್ಲಿ ಎರಡು ಇಲ್ಲದಿದ್ದರೆ ಸ್ಮಾರ್ಟ್ ಕ್ಲಾಸ್ ಟಿವಿ ಇದ್ದರೂ ಯೋಚಿಸಿ, ಪೇಟೆಯ ಶಾಲೆಯನ್ನೂ ಇದೇ ಕೆರೆಯ ಕಥೆಯಿಂದ ಪರೀಕ್ಷಿಸಿ ನೋಡಿ. ಸೇರಿಸುವ ಮಕ್ಕಳ ಸಂಖ್ಯೆಗೂ ಬೆಲೆಯಿದೆ: 60 ಇರುವ ಕಡೆ ಇನ್ನೊಂದು ಮಗು ಬಂದರೆ ಕಾಯ್ದೆ ಪ್ರಕಾರ ಮೂರನೇ ಶಿಕ್ಷಕರನ್ನು ಕೇಳಬಹುದು.

ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಬರೆದ ಹಾಳೆಯ ಒಂದು ಪ್ರತಿಯನ್ನು ಶಿಕ್ಷಕರಿಗೆ ಕೊಡಿ, ಊರಲ್ಲಿ ಯಾರಿಗೂ ತೋರಿಸಬೇಡಿ. ಫೆಬ್ರುವರಿಯಲ್ಲಿ ಮತ್ತೆ ಹೋಗಿ ಅದೇ ಮಕ್ಕಳನ್ನು ಓದಿಸಿ. ಆಗ ಕಥೆ ಮಾತ್ರ ಬೇರೆಯದಿರಲಿ, ಕೊಕ್ಕರೆಯ ಕಥೆ ಅಷ್ಟರಲ್ಲಿ ಎಲ್ಲರಿಗೂ ಬಾಯಿಗೆ ಬಂದಿರುತ್ತದೆ.