ಕಿಕ್ ಡ್ರಮ್ ರಟ್ಟಿನ ಡಬ್ಬ ಆಗದಿರಲು ಹೀಗೆ ಮಾಡಿ

ಚಿಕ್ಕಮಗಳೂರಿನ ಹುಡುಗರ ಬ್ಯಾಂಡೊಂದರ ಹಾಡು ರೆಕಾರ್ಡ್ ಮಾಡಲು ಕೂತಿದ್ದು ತೋಟದ ಮನೆಯ ಕಾಫಿ ಗೋದಾಮಿನಲ್ಲಿ. ಗಿಟಾರು ಚೆನ್ನಾಗಿ ಬಂತು. ಕಾಲಿನ ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್, ಅದೇ ಕಿಕ್ ಡ್ರಮ್, ಮಾತ್ರ ರಟ್ಟಿನ ಡಬ್ಬಕ್ಕೆ ಒದ್ದ ಹಾಗಿತ್ತು. ರಾತ್ರಿಯೆಲ್ಲ ಕಂಪ್ಯೂಟರಿನಲ್ಲಿ ಇಕ್ವಲೈಸರ್ (ದಪ್ಪ, ತೆಳು ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಿರುಗಿಸಿದ್ದೇ ಬಂತು. ಮಾರನೇ ದಿನ ಮೈಕನ್ನು ಮೂರು ಇಂಚು ಒಳಗೆ ತಳ್ಳಿದೆವು. ಅಷ್ಟೇ, ಸದ್ದು ಬದಲಾಯಿತು.

ಮೊದಲು ಜಾಗ. ಮಳೆಗಾಲದಲ್ಲಿ ಶೀಟ್ ಮಾಡಿನ ಕೆಳಗೆ ಕೂರಬೇಡಿ, ಡ್ರಮ್ಮಿನ ಜೊತೆ ಮಳೆಯೂ ರೆಕಾರ್ಡ್ ಆಗುತ್ತದೆ. ಡ್ರಮ್ಮನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ತಳದ ಸದ್ದು (ಬೇಸ್) ಅಲ್ಲೇ ಗುಡ್ಡೆಯಾಗಿ ಗುಂಯ್‌ಗುಡುತ್ತದೆ. ಕೆಳಗೆ ಒಂದು ಕಂಬಳಿ ಹಾಸಿ, ಡ್ರಮ್ ಜಾರುವುದಿಲ್ಲ.

ಇನ್ನು ಡ್ರಮ್. ಡ್ರಮ್ಮಿನ ಎರಡು ಬಾಯಿಗೂ ಬಿಗಿದ ಹಾಳೆಯೇ ಹೆಡ್, ಪೆಡಲಿನ ಸುತ್ತಿಗೆಯೇ ಬೀಟರ್. ಬೀಟರ್ ಬಡಿಯುವ ಕಡೆಯ ಹೆಡ್ಡಿನಲ್ಲಿ ಸುಕ್ಕು ಕಾಣುವ ತನಕ ಬೋಲ್ಟು ಸಡಿಲಿಸಿ. ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಸುಕ್ಕು ಹೋಗುವಷ್ಟು ಮಾತ್ರ ಬಿಗಿ ಮಾಡಿ. ನಮ್ಮ ಡೊಳ್ಳಿನ ಚರ್ಮ ಥಂಡಿಗೆ ಸಡಿಲವಾಗುತ್ತೆ, ಬೆಂಕಿಗೆ ಹಿಡಿಯಬೇಕು. ಇದು ಪ್ಲಾಸ್ಟಿಕ್ ಹೆಡ್, ಆ ತಲೆನೋವಿಲ್ಲ. ಒಳಗೆ ಒಂದು ಸಣ್ಣ ದಿಂಬು ಇಟ್ಟು, ಹೆಡ್ಡಿಗೆ ಸುಮ್ನೆ ತಾಗುವ ಹಾಗೆ ಮಾಡಿ. ಹಳೇ ರಗ್ಗುಗಳನ್ನೆಲ್ಲ ತುರುಕಿದರೆ ಡ್ರಮ್ಮಿನ ಜೀವವೇ ಹೋಗುತ್ತದೆ.

ಈಗ ಮೈಕ್. ಶೂರ್ ಬೀಟಾ 52ಎ, ಎಕೆಜಿ ಡಿ112 ಇದಕ್ಕೆಂದೇ ಇರುವಂಥವು. ಕೈಯಲ್ಲಿರುವುದು ಶೂರ್‌ನ ಸಾಮಾನ್ಯ ಮೈಕ್ ಎಸ್‌ಎಂ57 ಮಾತ್ರವೇ? ತಳದ ಸದ್ದು ಅಷ್ಟಾಗಿ ಬರದು, ಆದರೆ ಬೀಟರಿನ ಏಟು ಚೆನ್ನಾಗಿ ಹಿಡಿಯುತ್ತದೆ. ಅದರಲ್ಲೇ ಶುರು ಮಾಡಿ.

ಮುಂದಿನ, ಅಂದರೆ ಪೆಡಲಿನ ಎದುರು ಬದಿಯ, ಹೆಡ್ಡಿನ ತೂತಿನಿಂದ ಮೈಕ್ ಒಳಗೆ ಹಾಕಿ. ಬೀಟರ್ ಬೀಳುವ ಜಾಗಕ್ಕೆ ನಾಲ್ಕು ಬೆರಳು ದೂರದಲ್ಲಿ ನೇರ ಮುಖ ಮಾಡಿದರೆ ‘ಟಕ್’ ಜಾಸ್ತಿ. ಹಿಂದಕ್ಕೆ ತಂದ ಹಾಗೆ, ಪಕ್ಕಕ್ಕೆ ತಿರುಗಿಸಿದ ಹಾಗೆ ಏಟು ಮೆತ್ತಗಾಗಿ ಮೈ ತುಂಬುತ್ತದೆ. ತೂತಿನ ಬಾಯಲ್ಲೇ ಇಟ್ಟರೆ ‘ಧಮ್’ ದಪ್ಪಗೆ ಬರುತ್ತದೆ, ಆದರೆ ಅಲ್ಲಿಂದ ನುಗ್ಗುವ ಗಾಳಿ ಮೈಕಿಗೆ ಬಡಿದು ‘ಪುಫ್’ ಎನ್ನುತ್ತದೆ. ಸ್ವಲ್ಪ ಓರೆ ಮಾಡಿ. ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಒಬ್ಬರು ಬಾರಿಸಲಿ, ಇನ್ನೊಬ್ಬರು ಮೈಕ್ ಸರಿಸಲಿ, ನೀವು ಬೇರೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ‘ಅಲ್ಲೇ ಬಿಡು’ ಅನ್ನಿ. ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಸಿಕ್ಕ ಜಾಗವನ್ನು ಫೋನಿನಲ್ಲಿ ಫೋಟೊ ತೆಗೆದಿಡಿ, ಊಟ ಮುಗಿಸಿ ಬರುವಷ್ಟರಲ್ಲಿ ಯಾರಾದರೂ ಸ್ಟ್ಯಾಂಡಿಗೆ ಎಡವಿರುತ್ತಾರೆ!

ಗೇನ್ (ಮೈಕಿನಿಂದ ಬರುವ ಸದ್ದಿನ ಮಟ್ಟ) ಏರಿಸುವಾಗ ಜೋರಾಗಿ ಒದೆಯಲು ಹೇಳಿ. ಮೀಟರಿನಲ್ಲಿ ಏಟಿನ ತುದಿ ಮೈನಸ್ 10 ಡೆಸಿಬೆಲ್ ಸುತ್ತ ಇರಲಿ (ಸೊನ್ನೆಯೇ ಮಿತಿ). ಹಾಡಿನ ಹುರುಪಿನಲ್ಲಿ ಡ್ರಮ್ಮರ್ ಇನ್ನೂ ಜೋರಾಗಿ ಒದೆಯುತ್ತಾನೆ, ಅದಕ್ಕೆ ಜಾಗ ಬೇಕಲ್ವಾ?

ಎರಡನೇ ಮೈಕ್ ಇದ್ದರೆ ಪೆಡಲ್ ಕಡೆಯಿಂದ ಬೀಟರಿನತ್ತ ಇಡಬಹುದು. ಇಲ್ಲೊಂದು ತೊಡಕಿದೆ. ಹೆಡ್ ಒಳಗಿನ ಮೈಕಿನ ಕಡೆ ಬಂದಾಗ ಹೊರಗಿನ ಮೈಕಿನಿಂದ ದೂರ ಹೋಗುತ್ತದೆ. ಎರಡೂ ಒಂದನ್ನೊಂದು ತಿಂದು ಸದ್ದು ಬಡವಾಗುತ್ತದೆ. ಒಂದು ಟ್ರ್ಯಾಕಿನಲ್ಲಿ ಪೊಲಾರಿಟಿ ಗುಂಡಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವಂಥದ್ದು) ಒತ್ತಿ ನೋಡಿ, ಯಾವಾಗ ಸದ್ದು ದಪ್ಪವಾಗುತ್ತದೋ ಅದೇ ಸರಿ.

ಇಷ್ಟಾದ ಮೇಲೆ ಇಕ್ವಲೈಸರ್. ರಟ್ಟಿನ ಸದ್ದು ಸಾಮಾನ್ಯವಾಗಿ 300ರಿಂದ 400 ಹರ್ಟ್ಸ್‌ನಲ್ಲಿರುತ್ತದೆ, ಅಲ್ಲಿ ತಗ್ಗಿಸಿ. ದಪ್ಪಕ್ಕೆ 60ರ ಸುತ್ತ, ಏಟಿಗೆ 3,000ದಿಂದ 5,000 ಹರ್ಟ್ಸ್ ಸುತ್ತ ತುಸು ಏರಿಸಿ. ಕೊನೆಗೆ ಫೋನಿನ ಸ್ಪೀಕರಿನಲ್ಲೂ ಕೇಳಿ. ಅಲ್ಲಿ ತಳದ ಸದ್ದು ಬರುವುದೇ ಇಲ್ಲ, ಆ ‘ಟಕ್’ ಕೇಳಿಸಿದರೆ ಸಾಕು.