ಕಿತ್ತೂರಿಗೆ ಹೊರಟವರು ಬೈಲಹೊಂಗಲ ಬಿಡಬೇಡಿ

ಬೆಳಗಾವಿ ಕಡೆ ಬರೋರು ಹೆದ್ದಾರಿ ಪಕ್ಕದ ಕಿತ್ತೂರು ಕೋಟೆ ನೋಡಿ, ಸುಮ್ನೆ ವಾಪಸ್ ಹೋಗಿಬಿಡುತ್ತಾರೆ. ರಾಣಿ ಚೆನ್ನಮ್ಮನ ಸಮಾಧಿ ಇರೋದು ಕಿತ್ತೂರಿನಲ್ಲಲ್ಲ, ಬೈಲಹೊಂಗಲದಲ್ಲಿ. ನಾನೂ ಮೊದಲ ಸಲ ಹೀಗೇ ತಪ್ಪಿಸಿಕೊಂಡಿದ್ದೆ.

ನನ್ನ ಸಲಹೆ ಇಷ್ಟೇ. ಬೆಳಿಗ್ಗೆ ಕಿತ್ತೂರು ನೋಡಿ. ಅರಮನೆ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಬಿಟ್ಟ ಕಿಂಡಿ ಇದೆ, ಮಕ್ಕಳಿಗೆ ತಪ್ಪದೆ ತೋರಿಸಿ. 1824ರ ಅಕ್ಟೋಬರ್ 23ರಂದು ರಾಣಿಯ ಸೈನ್ಯದ ಜೊತೆಗಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಿದ್ದು ಈ ಕೋಟೆ ಮುಂದೆಯೇ. ಆಮೇಲೆ ಬೈಲಹೊಂಗಲಕ್ಕೆ ಹೋಗಿ. ಬ್ರಿಟಿಷರು ರಾಣಿಯನ್ನು ಅಲ್ಲಿಯ ಕೋಟೆಯಲ್ಲಿ ಸೆರೆ ಇಟ್ಟಿದ್ದರು. 1829ರ ಫೆಬ್ರವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು. ಗೆದ್ದ ಜಾಗ ನೋಡಿ ಬಂದು ಸಮಾಧಿ ಮುಂದೆ ನಿಂತರೆ ಎದೆ ಭಾರ ಆಗುತ್ತದೆ. ಹಿಡಿ ಹೂವು ಒಯ್ಯಿರಿ, ಮಕ್ಕಳ ಕೈಯಲ್ಲೇ ಇಡಿಸಿ.

ಇನ್ನೊಂದು ದಿನ ಸಿಕ್ಕರೆ ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಹೋಗಿ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿ. ಅಲ್ಲಿಯ ಆಲದ ಮರಕ್ಕೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟಿರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಅಂತ ಹರಕೆ. ದಯವಿಟ್ಟು ಅವನ್ನು ಮುಟ್ಟಬೇಡಿ, ಹಿಡಿದು ಸೆಲ್ಫಿ ತೆಗೆಯಬೇಡಿ. ಪ್ರತಿ ತೊಟ್ಟಿಲ ಹಿಂದೆ ಒಬ್ಬ ತಾಯಿ ಇದ್ದಾಳೆ, ಅಲ್ವಾ?

ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಬಿಸಿಲು ಜಾಸ್ತಿ ಇದ್ದರೆ ನೀರು, ಟೋಪಿ ಇಟ್ಟುಕೊಳ್ಳಿ.