ಸೂಜಿ ತುಂಡಿನಲ್ಲೇ ಆಸ್ಟಿಯೋಸಾರ್ಕೋಮಾ ರಿಪೋರ್ಟ್: ವಿಜಯಪುರದ ನನ್ನ ಲ್ಯಾಬಿನ ಅನುಭವ

"ಸರ, ಸೂಜಿ ತುಂಡಿನ ಮ್ಯಾಲ ರಿಪೋರ್ಟ್ ಕೊಡ್ತೀರೇನು? ಕಾಲು ತೆಗಿಯೋ ಮಾತದ!" ಎಂದು ಆರ್ಥೋ ಸರ್ಜನ್ ಒಬ್ಬರು ನಕ್ಕಿದ್ದರು. ಆಸ್ಟಿಯೋಸಾರ್ಕೋಮಾ ಅಂದರೆ ಎಲುಬಿನ ಕ್ಯಾನ್ಸರ್; ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದನ್ನು ಗುರುತಿಸುವುದು ನನ್ನ ಕೆಲಸ. ಈಗ ಎಲುಬಿನೊಳಗೆ ಚುಚ್ಚುವ ದಪ್ಪ ಜಮ್ಶೀದಿ ಸೂಜಿಯಲ್ಲಿ ತೆಗೆದ ತುಂಡುಗಳನ್ನು ಅವರೇ ಕಳಿಸುತ್ತಾರೆ. ಮೊದಲೆಲ್ಲ ಇಂಥ ಕೇಸು ಸೀದಾ ಸೊಲ್ಲಾಪುರಕ್ಕೋ ಮಿರಜಿಗೋ ಹೋಗುತ್ತಿತ್ತು.

ಜಾಸ್ತಿ ಕಾಡಿದ್ದು ಡಿಕ್ಯಾಲ್, ಅಂದರೆ ತೆಳ್ಳಗೆ ಕೊಯ್ಯಲು ಬರುವಂತೆ ಎಲುಬಿನ ಕ್ಯಾಲ್ಸಿಯಂ ಕರಗಿಸಿ ಮೆತ್ತಗೆ ಮಾಡುವುದು. ನೈಟ್ರಿಕ್ ಆಸಿಡ್ ಅಗ್ಗ, ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತದೆ. ಆದರೆ ನಮ್ಮೂರ ಏಪ್ರಿಲ್ ಸೆಕೆಗೆ ಅದರ ಆರ್ಭಟ ಇನ್ನೂ ಜೋರು. ಕೋಶದ ನ್ಯೂಕ್ಲಿಯಸ್ ಹಿಮಟಾಕ್ಸಿಲಿನ್‌ನ ನೀಲಿ ಬಣ್ಣ ಹಿಡಿಯುವುದೇ ಇಲ್ಲ, ಸ್ಲೈಡ್ ಪೂರ್ತಿ ಗುಲಾಬಿ. ಫಾರ್ಮಿಕ್ ಆಸಿಡ್ ಪರವಾಗಿಲ್ಲ ಅನಿಸಿತು. ಆದರೆ ಯೂಯಿಂಗ್ (ಇನ್ನೊಂದು ಬಗೆಯ ಎಲುಬಿನ ಕ್ಯಾನ್ಸರ್) ಅನುಮಾನವಿದ್ದ, ಮೇಣದಲ್ಲಿ ಕೂರಿಸಿದ ತುಂಡನ್ನು ಜೀನ್ ಪರೀಕ್ಷೆಗೆ ಕಳಿಸಿದರೆ ಫಲಿತಾಂಶವೇ ಬರಲಿಲ್ಲ. ಆ ದುಡ್ಡು ಹೋಯಿತು.

ಕೊನೆಗೆ ಆಸಿಡ್ ಬಿಟ್ಟು, ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಎಳೆದುಕೊಳ್ಳುವ ಇಡಿಟಿಎ ಎಂಬ ಪುಡಿ ಹಿಡಿದೆ. ಶೇಕಡ 14ರ ದ್ರಾವಣ, ಪಿಎಚ್ 7.2ರ ಆಸುಪಾಸು. "ವಾರಗಟ್ಟಲೆ ಹಿಡಿಯುತ್ತೆ, ರೋಗಿ ಕಾಯ್ತಾನಾ?" ಎಂದರು ಕೆಲವರು. ದಪ್ಪ ಎಲುಬಿಗೆ ಆ ಮಾತು ನಿಜ. ಸೂಜಿ ತುಂಡಿಗೆ ದಿನಾ ದ್ರಾವಣ ಬದಲಿಸಿದರೆ ನಾಲ್ಕೈದು ದಿನ ಸಾಕು. ಪುಡಿಯ ಖರ್ಚು ಕೇಸಿಗೆ ಸುಮಾರು 50-60 ರೂಪಾಯಿ. ಮಟನ್ ಅಂಗಡಿಯ ಎಲುಬಿನ ಮೇಲೆ ಅಕ್ಕಸಾಲಿಗರ ಅಲ್ಟ್ರಾಸೋನಿಕ್ ಡಬ್ಬಿಯನ್ನೂ ಪ್ರಯೋಗ ಮಾಡಿದೆ. ಬೇಗ ಮೆತ್ತಗಾಯಿತು, ಆದರೆ ನೀರು ಬಿಸಿಯಾಗಿ ಐಸ್ ಹಾಕುವುದೇ ಕೆಲಸವಾಯಿತು. ಸಾಕಾಗಿ ಬಿಟ್ಟೆ. ಡಿಕ್ಯಾಲ್ ಮುಗಿದದ್ದು ಹೇಗೆ ಗೊತ್ತು ಮಾಡಿಕೊಳ್ಳುತ್ತೇನೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ. ಪಿನ್ ಚುಚ್ಚಿ ನೋಡುವುದಿಲ್ಲ, ಅಷ್ಟು ತಿಳಿದರೆ ಸಾಕು.

ಇನ್ನೊಂದು ವಿಷಯ, ಎಲ್ಲ ತುಂಡಿಗೂ ಡಿಕ್ಯಾಲ್ ಯಾಕೆ? ಮೆತ್ತಗಿನ ಚೂರನ್ನು ಆರಿಸಿ, ಗಾಜಿಗೆ ಒತ್ತಿ, ಗಾಜಿನ ಮೇಲೆ ಮೂಡಿದ ಅಚ್ಚನ್ನು ಒಣಗಿಸಿ ಜೀಮ್ಸಾ ಬಣ್ಣ ಹಾಕುತ್ತೇನೆ. ಗುಲಾಬಿ ಎಳೆಯಂಥ ಆಸ್ಟಿಯಾಯ್ಡ್ (ಇನ್ನೂ ಗಟ್ಟಿಯಾಗದ ಎಳೆ ಎಲುಬು), ಪಕ್ಕದಲ್ಲೇ ವಿಕಾರವಾದ ದೊಡ್ಡ ಕೋಶಗಳು ಅದೇ ದಿನ ಕಾಣುತ್ತವೆ. ಆಮೇಲೆ ಆ ಚೂರು ಸೀದಾ ಫಾರ್ಮಲಿನ್‌ಗೆ. ಸರ್ಜನ್‌ಗೆ ನನ್ನದು ಒಂದೇ ಬೇಡಿಕೆ: ಗಡ್ಡೆ ಎಲುಬು ದಾಟಿ ಹೊರಬಂದ ಮೆತ್ತಗಿನ ಅಂಚಿನಿಂದ ತೆಗೆಯಿರಿ. ಗಡ್ಡೆಯ ಅಂಚಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಕಾಡ್‌ಮನ್ ತ್ರಿಕೋನಕ್ಕೆ ಚುಚ್ಚಿದರೆ ಸಿಗುವುದು ಪೆರಿಯಾಸ್ಟಿಯಮ್ (ಎಲುಬಿನ ಹೊರಪೊರೆ) ಕಟ್ಟಿದ ಸಾದಾ ಹೊಸ ಎಲುಬು.

ಎಕ್ಸ್‌ರೇ ಇಲ್ಲದೆ ನಾನು ಸ್ಲೈಡ್ ಮುಟ್ಟಲ್ಲ. ಮುರಿದ ಎಲುಬು ಕೂಡುವಾಗಲೂ ಆಸ್ಟಿಯಾಯ್ಡ್ ಇರುತ್ತದಲ್ವಾ? ವಯಸ್ಸು 10ರಿಂದ 20, ಮೊಣಕಾಲಿನ ಹತ್ತಿರದ ಮೆಟಾಫೈಸಿಸ್ (ಉದ್ದ ಎಲುಬಿನ ತುದಿಯ ಬಳಿಯ ಭಾಗ), ರಾತ್ರಿ ನೋವು, ರಕ್ತದಲ್ಲಿ ಏರಿದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ: ಇವು ಕೂಡಿಬಂದರೆ ಕಿವಿ ನಿಮಿರುತ್ತದೆ. ಮನೆಯವರು ಮಾತ್ರ "ಕಬಡ್ಡಿಯಲ್ಲಿ ಬಿದ್ದ" ಎಂದೇ ಹೇಳುತ್ತಾರೆ. ಅಷ್ಟರಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿ, ಪಟ್ಟಿ ಕಟ್ಟಿಸಿ ತಿಂಗಳು ಕಳೆದಿರುತ್ತದೆ. ಎದೆಯ ಸಿಟಿ ಮಾಡಿಸಿ ಅಂತ ಮೊದಲೇ ಬರೆದುಬಿಡುತ್ತೇನೆ, ಇದು ಹರಡುವುದು ಮುಖ್ಯವಾಗಿ ಶ್ವಾಸಕೋಶಕ್ಕೆ.

ಕೀಮೋ ಆದಮೇಲೆ ತೆಗೆದ ಇಡೀ ಎಲುಬಿನಲ್ಲಿ ಗಡ್ಡೆ ಶೇಕಡ 90ರಷ್ಟು ಸತ್ತಿದೆಯಾ ಎಂದು ಲೆಕ್ಕ ಹಾಕುವ ಕೆಲಸ ಇನ್ನೂ ನನ್ನಲ್ಲಿಲ್ಲ. ಅದಕ್ಕೆ ಎಲುಬನ್ನು ಉದ್ದಕ್ಕೆ ಸೀಳುವ ಬ್ಯಾಂಡ್ ಸಾ ಬೇಕು. ಬೆಲೆ ವಿಚಾರಿಸಿ ಬಂದಿದ್ದೇನೆ. ಸದ್ಯಕ್ಕೆ ಆ ಕೇಸುಗಳು ದೊಡ್ಡ ಆಸ್ಪತ್ರೆಗೇ.